ವಂಡೆಗೇಯದ ಡಿಸ್ಕ್ ಅಮ್ಮ

ಬೆಳಗಿನ ಆರೂವರೆ. ಕಾಲೇಜು ಹುಡುಗರ ಪೇಟೆಯಾದ ವಂಡೆಗೇಯದ ಒಂದು ಮಳಿಗೆಯ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಪೆರೂಸಿ ನಾಮತೋವು ಸ್ಕ್ರೂಡ್ರೈವರ್ ಹಿಡಿದು ಕೂತಿದ್ದಾರೆ. ಎದುರಿಗೆ ಹಳೆಯ ಕಂಪ್ಯೂಟರು, ಅದಕ್ಕೆ ತಂತಿಯಿಂದ ಸಿಕ್ಕಿಸಿದ ಅಂಗೈಯಗಲದ ಡಿಸ್ಕು, ಆಚೆಈಚೆ ಮುಖ ಗಂಟಿಕ್ಕಿಕೊಂಡ ಇಬ್ಬರು. ಇವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಮೂಲೆಯಲ್ಲಿದ್ದೇನೆ. ಕಂಪ್ಯೂಟರು ಟೈಪಿಂಗ್ ಅಂಗಡಿಯ ಸಾಲೊಂಗೊ ಅವರದು. ಸಾಲೊಂಗೊ ಎಂದರೆ ಅವಳಿ ಮಕ್ಕಳ ತಂದೆ; ಅವಳಿಗಳು ಹುಟ್ಟಿದ ಮೇಲೆ ಅವರನ್ನು ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ. ಡಿಸ್ಕು ಕೊನೆಯ ವರ್ಷದ ವಿದ್ಯಾರ್ಥಿ ತುಮುಹೈರ್ವೆಯದು. ಒಂಬತ್ತಕ್ಕೆ ಅವನು ಪರೀಕ್ಷಕರ ಮುಂದೆ ನಿಲ್ಲಬೇಕು. ಬಾಳೆ ಎಲೆಯ ಚಿತ್ರ ನೋಡಿ ರೋಗ ಗುರುತಿಸುವ ಅವನ ಪ್ರೋಗ್ರಾಮು ಕಾಲೇಜಿನ ಕಂಪ್ಯೂಟರಿನಲ್ಲಿ, ಅವರ ಕಣ್ಣೆದುರೇ ಓಡಬೇಕು. ಓಡದಿದ್ದರೆ ಇನ್ನೊಂದು ವರ್ಷ ಕಾಯಬೇಕು.

"ಡಿಸ್ಕ್ ಕೊಡಲ್ಲ" ಎನ್ನುತ್ತಾರೆ ಸಾಲೊಂಗೊ. "ಅದನ್ನ ಕಿತ್ರೆ ನನ್ನ ಮಷಿನ್ ಸತ್ತಂಗೆ ಬಿದ್ಕೊಳ್ಳುತ್ತೆ. ಕಪ್ಪು ಪರದೆ, ಒಂದು ಸಾಲು ಇಂಗ್ಲಿಷು, ಅಷ್ಟೇ. ನೆಟ್ಟಗೆ ಮಾಡ್ಕೊಟ್ಟು ಹೋಗ್ಲಿ."

"ನಾನೇನೂ ಮಾಡಿಲ್ಲ ಅಮ್ಮ" ಎನ್ನುತ್ತಾನೆ ತುಮುಹೈರ್ವೆ. "ಇವರ ಅಂಗಡೀಲಿ ಕೂತು ನನ್ನ ಡಿಸ್ಕಿಗೆ ಲಿನಕ್ಸ್ ಹಾಕ್ಕೊಂಡೆ. ಇಲ್ಲಿ ಓಡುತ್ತೆ, ಕಾಲೇಜಿನ ಮಷಿನ್ನಿಗೆ ಹಾಕಿದ್ರೆ ಏಳೋದೇ ಇಲ್ಲ."

ಸ್ವಂತ ಕಂಪ್ಯೂಟರಿಲ್ಲದ ಹುಡುಗರು ಇಲ್ಲಿ ಯಂತ್ರ ನಡೆಸುವ ತಂತ್ರಾಂಶವಾದ ಲಿನಕ್ಸನ್ನೇ ಜೇಬಿನ ಡಿಸ್ಕಿನಲ್ಲಿಟ್ಟುಕೊಂಡು, ಸಿಕ್ಕ ಯಂತ್ರಕ್ಕೆ ಸಿಕ್ಕಿಸಿ ಓದುತ್ತಾರೆ. ಲಿನಕ್ಸ್ ಹಾಕುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ನನ್ನನ್ನು ಎಬ್ಬಿಸುವ ಬೂಟ್ ಲೋಡರನ್ನು ಎಲ್ಲಿಡಲಿ? ಅವಸರದ ಬೆರಳು ಓದದೆ ಒತ್ತಿಬಿಡುತ್ತದೆ. ಬೂಟ್ ಲೋಡರು ಅಂಗಡಿಯವನ ಯಂತ್ರದೊಳಗಿನ ಡಿಸ್ಕಿಗೆ ಹೋಗಿ ಕೂರುತ್ತದೆ. ಆಮೇಲೆ ಆ ಯಂತ್ರವಿಲ್ಲದೆ ಡಿಸ್ಕು ಏಳುವುದಿಲ್ಲ, ಡಿಸ್ಕಿಲ್ಲದೆ ಯಂತ್ರ ಏಳುವುದಿಲ್ಲ. ಮನೆ ತನ್ನದು, ಬೀಗದ ಕೈ ಪಕ್ಕದವರ ಜೇಬಿನಲ್ಲಿ. ಇಂಥವು ದಿನಕ್ಕೆ ಐದಾರು, ಪರೀಕ್ಷೆಯ ತಿಂಗಳಲ್ಲಿ ಹನ್ನೆರಡರವರೆಗೂ ಪೆರೂಸಿಯವರ ಮೇಜಿಗೆ ಬರುತ್ತವೆ.

ಪೆರೂಸಿಯವರಿಗೆ ಈಗ ಐವತ್ತನಾಲ್ಕು. ಇಪ್ಪತ್ತು ವರ್ಷ ಇದೇ ಬೀದಿಯಲ್ಲಿ ಬೇರೆಯವರ ಪ್ರಬಂಧಗಳನ್ನು ಟೈಪು ಮಾಡಿದರು. ವಿದ್ಯಾರ್ಥಿಗಳೇ ಟೈಪು ಮಾಡಿಕೊಳ್ಳತೊಡಗಿದ ಮೇಲೆ ಕೈ ಖಾಲಿಯಾಯಿತು. ನಲವತ್ತೊಂದರ ವಯಸ್ಸಿನಲ್ಲಿ, ಪಕ್ಕದ ರಿಪೇರಿಯವನ ಪತ್ರಗಳನ್ನು ಟೈಪು ಮಾಡಿಕೊಟ್ಟು ಅವನಿಂದ ಈ ಕೆಲಸ ಕಲಿತರು. ಮೊದಲ ವರ್ಷದ ಒಂದು ತಪ್ಪು ಇನ್ನೂ ನೋಯುತ್ತದಂತೆ. ಪರದೆಯ ಮೇಲೆ ಡಿಸ್ಕುಗಳ ಹೆಸರು ಅದಲುಬದಲಾಗಿತ್ತು. ಇವರು ಹೆಸರನ್ನೇ ನಂಬಿ, ಒಬ್ಬ ನರ್ಸಿನ ಎರಡು ವರ್ಷದ ಸಮೀಕ್ಷೆಯನ್ನು ಅಳಿಸಿಬಿಟ್ಟರು.

"ಆ ಹುಡುಗಿ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು" ಎನ್ನುತ್ತಾರೆ.

ಅಂದಿನಿಂದ ಅವರು ಹೆಸರನ್ನು ನಂಬುವುದಿಲ್ಲ, ಎಷ್ಟು ಜಿಬಿ ಎಂಬ ಗಾತ್ರವನ್ನು ನೋಡುತ್ತಾರೆ. ಬಂದ ಡಿಸ್ಕಿನ ಬೆನ್ನ ಮೇಲೆ ಉಗುರುಬಣ್ಣದಿಂದ ಅದರ ಗಾತ್ರ ಬರೆಯುತ್ತಾರೆ. ಮುಟ್ಟಬಾರದ ಡಿಸ್ಕಿನ ತಂತಿಯನ್ನು ಮೊದಲೇ ಕೀಳುತ್ತಾರೆ. ಈಗಲೂ ಸಾಲೊಂಗೊ ಅವರ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಒಳಗಿನ ಡಿಸ್ಕಿನ ತಂತಿ ಕೀಳಲು ಕೈ ಹಾಕಿದ್ದಾರೆ.

"ಮೊದಲು ನನ್ನದು ಮಾಡಿ. ಅವನದಾದ್ರೆ ಓಡಿಹೋಗ್ತಾನೆ" ಎನ್ನುತ್ತಾರೆ ಸಾಲೊಂಗೊ.

"ಅವಳಿ ಮಕ್ಕಳನ್ನ ಸಾಕಿದೋರು, ಎರಡು ಡಿಸ್ಕ್ ಕಾಯೋಕಾಗಲ್ವಾ? ಕೂತ್ಕೊಳಿ."

ಅವರು ಕೂರುತ್ತಾರೆ, ಬಾಗಿಲಿಗೆ ಅಡ್ಡವಾಗಿಯೇ. ಪೆರೂಸಿ ತಮ್ಮ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಗಾತ್ರವನ್ನು ಗಟ್ಟಿಯಾಗಿ ಓದಿ, ಬೂಟ್ ಲೋಡರನ್ನು ಹುಡುಗನ ಡಿಸ್ಕಿಗೇ ಬರೆಯತೊಡಗುತ್ತಾರೆ. ಏಳೂಮುಕ್ಕಾಲಿಗೆ ಕರೆಂಟು ಹೋಗುತ್ತದೆ. ತುಮುಹೈರ್ವೆ ಫೋನು ತೆಗೆದು ಗಂಟೆ ನೋಡುತ್ತಾನೆ. ಮಳಿಗೆಯ ಜನರೇಟರು ಶುರುವಾದಾಗ ಪೆರೂಸಿ ಮೊದಲಿನಿಂದ ಕೆಲಸ ಹಿಡಿಯುತ್ತಾರೆ.

"ಅಮ್ಮ, ಟೈಮಿಲ್ಲ. ಅರ್ಧ ಆಗಿತ್ತಲ್ಲ?"

"ಅರ್ಧ ಬರೆದಿದ್ದನ್ನ ನಂಬಿ ಅಲ್ಲಿ ಹೋಗಿ ನಿಂತ್ಕೋತೀಯಾ? ಸುಮ್ನಿರು."

ಆಮೇಲೆ ಒಳಗಿನ ತಂತಿ ಮತ್ತೆ ಸೇರಿಸಿ, ಸಾಲೊಂಗೊ ಅವರ ಯಂತ್ರಕ್ಕೆ ಅದರದೇ ಹಳೆಯ ಬೂಟ್ ಲೋಡರನ್ನು ಮರಳಿ ಕೂರಿಸುತ್ತಾರೆ. ಎಂಟೂ ಇಪ್ಪತ್ತು.

"ಡಿಸ್ಕನ್ನ ನಿಮ್ಮ ಕೈಯಿಂದಲೇ ಕೀಳಿ, ಸಾಲೊಂಗೊ."

ಅವರು ಹಿಂದುಮುಂದು ನೋಡಿ ಕೀಳುತ್ತಾರೆ. ಯಂತ್ರ ಮತ್ತೆ ಶುರುವಾಗುತ್ತದೆ. ಕಪ್ಪು ಪರದೆ ಕಪ್ಪಾಗಿಯೇ ಇರುತ್ತದೆ. ಕೊನೆಗೆ ಒಂದೇ ಥರದ ಅಂಗಿ ತೊಟ್ಟ ಇಬ್ಬರು ಮಕ್ಕಳ ಫೋಟೊ ಮೂಡುತ್ತದೆ. ಸಾಲೊಂಗೊ ಡಿಸ್ಕನ್ನು ಹುಡುಗನ ಕೈಗಿಟ್ಟು, ತಾವೇ ರಸ್ತೆಗಿಳಿದು ಬಾಡಿಗೆ ಬೈಕಿನವನನ್ನು ಕೂಗುತ್ತಾರೆ.

ಮಧ್ಯಾಹ್ನ ಪೆರೂಸಿ ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಗೊಜ್ಜು ತಿನ್ನುತ್ತಿರುವಾಗ ತುಮುಹೈರ್ವೆಯ ಫೋನು ಬರುತ್ತದೆ. ಕೈ ಎಂಜಲಾದ್ದರಿಂದ ಸ್ಪೀಕರಿಗೆ ಹಾಕುತ್ತಾರೆ.

"ಓಡ್ತು ಅಮ್ಮ, ಪಾಸಾದೆ. ಎರಡು ಮಷಿನ್ನಿಗೆ ಹಾಕಿ ನೋಡಿದ್ರು. ಎರಡರಲ್ಲೂ ಏಳುತ್ತಲ್ಲ, ಯಾರು ಮಾಡ್ಕೊಟ್ರು ಅಂತ ಮೇಷ್ಟ್ರು ಕೇಳಿದ್ರು." ದನಿ ತಗ್ಗಿಸುತ್ತಾನೆ. "ನಾನೇ ಮಾಡಿದ್ದು ಅಂದ್ಬಿಟ್ಟೆ."

ನನಗೆ ಸಿಟ್ಟು ಬರುತ್ತದೆ. ಹದಿಮೂರು ವರ್ಷದಲ್ಲಿ ಒಂದು ಪ್ರಬಂಧದ ಕೃತಜ್ಞತೆಯ ಪುಟದಲ್ಲೂ ಈ ಹೆಂಗಸಿನ ಹೆಸರಿಲ್ಲ. ಪೆರೂಸಿ ಮಾತ್ರ ಬೆರಳು ನೆಕ್ಕುತ್ತಾ ನಗುತ್ತಾರೆ.

"ಸೋಮವಾರ ಬೆಳಿಗ್ಗೆ ಆರಕ್ಕೆ ಬಾ, ಒಂದು ಖಾಲಿ ಡಿಸ್ಕ್ ತಗೊಂಡು. ಕಲಿಸಿಕೊಡ್ತೀನಿ. ಮೇಷ್ಟ್ರಿಗೆ ಹೇಳಿದ ಮಾತು ಸುಳ್ಳಾಗೋದು ಬೇಡ."