ಬಾವಿಯ ಮೀನಿಗೆ ಕೊಟ್ಟ ಮಾತ್ರೆ

ಪಕ್ಕದ ಮನೆಯ ಲಿಲ್ಲಿಬಾಯಿಯ ಬಾವಿಯಲ್ಲಿ ಎರಡು ಮೀನು ಸತ್ತು ತೇಲಿದ ದಿನ, ಅದು ಯಾರಿಂದ ಆದದ್ದೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ.

ತೊಂಬತ್ತರ ದಶಕದ ಒಂದು ಮಳೆಗಾಲ, ನಮ್ಮ ಪುತ್ತಿಗೆಯಲ್ಲಿ. ಅಪ್ಪ ಅಡಿಕೆಗೆ ಕೊಳೆರೋಗದ ಮದ್ದು ಬಿಡಿಸಿದ ಮೇಲೆ ಮೈಲುತುತ್ತಿನ ಡ್ರಮ್ ತೊಳೆದದ್ದು ನಾನು. ಅದೂ ಅವರ ಬಾವಿಗಿಂತ ಎತ್ತರದ ಜಾಗದಲ್ಲಿ.

ಹಿಂದೆಯೇ ಮಳೆ ಹೊಡೆಯಿತು. ನೀಲಿ ನೀರು ಸೀದಾ ಕೆಳಗೆ ಹೋಯಿತು...

ಬಾವಿಗೆ ಮೀನು ಬಿಡುವುದು ನಮ್ಮಲ್ಲಿ ಅಭ್ಯಾಸ. ಮೀನು ಚುರುಕಾಗಿದ್ದರೆ ನೀರು ಒಳ್ಳೆಯದು, ಅಷ್ಟೇ ಟೆಸ್ಟು.

ಉಳಿದ ಮೂರು ಮೀನು ಮೇಲೆ ಬಂದು ಉಸಿರಿಗೆ ಒದ್ದಾಡತೊಡಗಿದಾಗ ಲಿಲ್ಲಿಬಾಯಿ ನಮ್ಮ ಬಾವಿಯಿಂದ ನೀರು ಒಯ್ಯಲು ಶುರು ಮಾಡಿದರು. ಮಗಳು ಐರಿನ್ ಹೆರಿಗೆಗೆಂದು ಬಂದಿದ್ದಳು, ಏಳು ತಿಂಗಳ ಬಸುರಿ.

ನಾನು ಆಗ ಜುವಾಲಜಿ ಡಿಗ್ರಿ ಓದುತ್ತಿದ್ದೆ. ಮೈಲುತುತ್ತಿನಲ್ಲಿರುವ ತಾಮ್ರದಂಥ ಲೋಹದ ವಿಷದಿಂದ ಮೀನನ್ನು ವಿಟಮಿನ್ ಸಿ ಸ್ವಲ್ಪ ಕಾಪಾಡಬಹುದು ಎಂದು ಕ್ಲಾಸಿನಲ್ಲಿ ಹೇಳಿದ್ದರು. ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಇದು ಸುಲಭ ಅನ್ನಿಸಿತು.

ಸೀತಾಂಗೋಳಿಯ ಮೆಡಿಕಲ್ಲಿನಿಂದ ಮಾತ್ರೆ ತಂದು ಪುಡಿ ಮಾಡಿದೆ. ತೌಡಿಗೆ ತೆಂಗಿನೆಣ್ಣೆ ಹಾಕಿ ಸಣ್ಣ ಉಂಡೆ ಕಟ್ಟಿ ದಿನಾ ಕದ್ದು ಅವರ ಬಾವಿಗೆ ಹಾಕಿದೆ.

ಹತ್ತು ದಿನದಲ್ಲಿ ಮೀನು ಸಲೀಸಾಗಿ ಈಜತೊಡಗಿದವು. ನನಗೋ ಕುಣಿಯುವಷ್ಟು ಖುಷಿ.

ಎರಡು ದಿನ ಬಿಟ್ಟು ಅವರ ಮನೆಗೆ ಹೋಗುತ್ತೇನೆ... ಐರಿನ್ ಚೆಂಬು ಎತ್ತಿ ನೀರು ಕುಡಿಯುತ್ತಿದ್ದಾಳೆ. ಬಾವಿಯ ಹಗ್ಗ ಒದ್ದೆಯಾಗಿದೆ.

"ನಮ್ಮದೇ ನೀರು ಮಗಾ. ಮೀನು ಚುರುಕುಂಟಲ್ಲ, ಇನ್ನು ಎಂತ ಹೆದರಿಕೆ?" ಅಂದರು ಲಿಲ್ಲಿಬಾಯಿ.

ನೀರು ಒಳ್ಳೆಯದಾಗಿ ಮೀನು ಚೇತರಿಸಿಕೊಂಡದ್ದಾ, ವಿಷ ಹಾಗೆಯೇ ಇದ್ದು ನನ್ನ ಮಾತ್ರೆ ಮೀನನ್ನು ಮಾತ್ರ ಉಳಿಸಿದ್ದಾ? ನನಗೇ ಗೊತ್ತಿಲ್ಲ. ಐರಿನಿಗೆ ಯಾರು ಮಾತ್ರೆ ಕೊಟ್ಟಿದ್ದಾರೆ?

ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಡ್ರಮ್ಮು, ಮಳೆ, ಉಂಡೆ.

ಲಿಲ್ಲಿಬಾಯಿ ಮಗಳ ಕೈಯಿಂದ ಚೆಂಬು ತೆಗೆದು ನೀರನ್ನು ಅಂಗಳಕ್ಕೆ ಚೆಲ್ಲಿದರು. ಮೂರು ದಿನದಿಂದ ಅದನ್ನೇ ಕುಡಿಯುತ್ತಿದ್ದಳಂತೆ.

ಅಪ್ಪ ಪಂಪು ಇಟ್ಟು ಬಾವಿ ಖಾಲಿ ಮಾಡಿಸಿದರು. ಮಗು ಹುಟ್ಟುವವರೆಗೆ ನಾನು ದಿನ ಎಣಿಸಿದೆ.

ಮಗು ಚೆನ್ನಾಗಿಯೇ ಹುಟ್ಟಿತು. ಆ ನೀರಿನಲ್ಲಿ ಎಷ್ಟು ಮೈಲುತುತ್ತು ಉಳಿದಿತ್ತೋ, ಯಾರೂ ಅಳೆದು ನೋಡಿರಲಿಲ್ಲ.

ಬಾವಿ ಖಾಲಿ ಮಾಡುವಾಗ ಹಿಡಿದಿಟ್ಟಿದ್ದ ಮೂರೂ ಮೀನು ಮತ್ತೆ ಅದೇ ಬಾವಿಗೆ ಹೋದವು. ಆದರೆ ಲಿಲ್ಲಿಬಾಯಿ ಮೀನನ್ನು ನೋಡಿ ನೀರು ಸೇದುವುದನ್ನು ಬಿಟ್ಟೇಬಿಟ್ಟರು. ಕೊಡ ಇಳಿಸುವ ಮೊದಲು ನಮ್ಮ ಮನೆಯ ಕಡೆ ತಿರುಗಿ ಕೇಳುತ್ತಿದ್ದರು: "ಇವತ್ತು ಎಂತಾದ್ರೂ ಹಾಕಿದ್ದೀಯಾ ಮಗಾ?"

ನಿಮ್ಮ ಬಾವಿಯಲ್ಲೂ ಮೀನು ಇದೆಯಾ? ಅದನ್ನು ನೋಡಿಯೇ ನೀರು ಕುಡಿಯುತ್ತೀರಾ?