ಹಸಿರು ನೀರಿನ ಒಂದು ಸಾಲು

"ನೋಡಜ್ಜಿ, ನನ್ನನ್ನ ಪ್ರಯೋಗಾಲಯಕ್ಕೆ ಅಂತ ತಗೊಂಡಿಲ್ಲ ಕಂಪನಿಯವ್ರು. ಅಲ್ಲಿಗೆ ರಿತ್ವಾ ಒಬ್ಳೇ ಸಾಕು. ನನ್ನ ಕೆಲಸ ಬರೆಯೋದು. ಬೇಸಿಗೇಲಿ ಕೆರೆ ನೀರಲ್ಲಿ ನೀಲಿಹಸಿರು ಪಾಚಿ ಏಳುತ್ತಲ್ಲ, ಅದ್ರಲ್ಲಿ ವಿಷ ಇದ್ಯಾ ಇಲ್ವಾ ಅಂತ ಮನೇಲೇ ನೋಡ್ಕೊಳ್ಳೋ ಕಾಗದದ ಪಟ್ಟಿ ಮಾರ್ತಾರೆ ಅವ್ರು. ಒಂದು ಲೋಟ ನೀರಿಗೆ ಅದ್ದಿ ಹತ್ತು ನಿಮಿಷ ಕಾಯ್ಬೇಕು. ಗೆರೆ ಮೂಡಿದ್ರೆ ವಿಷ ಇದೆ. ಮೂಡ್ಲಿಲ್ಲ ಅಂದ್ರೆ ಇಲ್ಲ ಅಂತ ಜನ ತಿಳ್ಕೊಳ್ತಾರೆ. ತೊಂದರೆ ಇರೋದೇ ಅಲ್ಲಿ. ಆ ಪಟ್ಟಿ ಹಿಡಿಯೋದು ಒಂದೇ ಜಾತಿ ವಿಷ, ಲಿವರ್ ಹಾಳುಮಾಡೋದು. ನರಕ್ಕೆ ಹೊಡೆಯೋದು ಬೇರೆ ಇದೆ, ಅದು ಪಟ್ಟೀಲಿ ಕಾಣೋದೇ ಇಲ್ಲ. ಇದನ್ನ ನಾನು ಕರಪತ್ರಕ್ಕೆ ಅಂತ ಮೂರು ಪ್ಯಾರಾ ಬರೆದೆ. ನಮ್ಮ ಯಜಮಾನ ಕಿಮ್ಮೊ ಓದಿ, ಪರೀಕ್ಷೇಲಿ ಬರೆದ ಉತ್ತರದ ಥರ ಇದೆ, ನಿಮ್ಮಜ್ಜಿಗೆ ಹೇಳೋ ಹಾಗೆ ಬರ್ಕೊಂಡು ಬಾ ಅಂದ. ಅದಕ್ಕೇ ಹೇಳ್ತಿದೀನಿ. ಅರ್ಥ ಆಯ್ತಾ?"

ಸೈಮಿ ಇಷ್ಟನ್ನೂ ಹೇಳಿದ್ದು ಜೂನ್ ತಿಂಗಳ ಎರಡನೆಯ ಶನಿವಾರ, ಅಜ್ಜಿಯ ಮನೆಯ ಹಬೆಸ್ನಾನದ ಕೋಣೆಯಾದ ಸೌನಾದ ಕೆಳಗಿನ ಹಲಗೆಯ ಮೇಲೆ ಕೂತು, ಬರ್ಚ್ ಸೊಪ್ಪಿನ ಕಟ್ಟಿನಿಂದ ಬೆನ್ನಿಗೆ ಬಡಿದುಕೊಳ್ಳುತ್ತ. ಅಜ್ಜಿ ಕೆರ್ತು ಮೇಲಿನ ಹಲಗೆಯಲ್ಲಿದ್ದಳು. ಕಾದ ಕಲ್ಲಿಗೆ ಒಂದು ಸೌಟು ನೀರು ಹುಯ್ದು, ಹಬೆ ಇಳಿದ ಮೇಲೆ ಕೇಳಿದಳು.

"ಗೆರೆ ಬರದಿದ್ರೂ ನೀರು ಹಸಿರಾಗಿದ್ರೆ ಇಳೀಬೇಡಿ. ಇಷ್ಟೇ ತಾನೆ?"

"ಇಷ್ಟೇ."

"ಹಾಗಂತ್ಲೇ ಬರಿ. ಅದಕ್ಕೆ ಮೂರು ಪ್ಯಾರಾ ಯಾಕೆ?"

ಸೈಮಿಗೆ ಆಗ ಇಪ್ಪತ್ತೊಂದು. ಕ್ವೊಪಿಯೊ ಊರಿನ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಎರಡನೆಯ ವರ್ಷ ಮುಗಿಸಿದ್ದಳು. ಚಳಿಗಾಲವೆಲ್ಲ ಬೇಸಿಗೆ ಕೆಲಸಕ್ಕೆ ಅರ್ಜಿ ಹಾಕಿದ್ದೇ ಹಾಕಿದ್ದು. ಪ್ರಯೋಗಾಲಯಗಳಿಂದ ಉತ್ತರವೇ ಬರಲಿಲ್ಲ. ಕೊನೆಗೆ ಕರೆದದ್ದು ಊರ ಹೊರಗಿನ ಈ ಸಣ್ಣ ಸಂಸ್ಥೆ, ಅದೂ ವಿಜ್ಞಾನವನ್ನು ಜನರಿಗೆ ತಿಳಿಯುವಂತೆ ಬರೆದು ಮಾಲು ಮಾರಿಸುವ ಕೆಲಸಕ್ಕೆ. ಗೆಳತಿಯರು, ಹಾಗಾದ್ರೆ ನೀನು ಈ ಬೇಸಿಗೆ ಸೋಪು ಮಾರ್ತೀಯ ಅನ್ನು ಎಂದು ನಕ್ಕಿದ್ದರು. ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಂದು ಒಳ್ಳೆಯ ಸಾಲು ಸಾವಿರ ಮನೆಗೆ ಹೋಗುತ್ತದೆ, ಪ್ರಯೋಗಾಲಯದ ಕಡತ ಎಷ್ಟು ಮನೆಗೆ ಹೋದೀತು ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಸೋಮವಾರ ಆ ಸಾಲನ್ನು ಕರಪತ್ರದ ತಲೆಗೇ ಹಾಕಿ ಕಿಮ್ಮೊನ ಮುಂದಿಟ್ಟಳು. ಕಿಮ್ಮೊ ನಲವತ್ತರ ಗಂಡಸು, ಕಚೇರಿಯಲ್ಲೂ ಬರಿಗಾಲಲ್ಲಿ ಓಡಾಡುವವನು. ಕೆಟ್ಟವನಲ್ಲ. ಎರಡು ಸಲ ಓದಿ ನಿಜವಾಗಿಯೇ ಮೆಚ್ಚಿಕೊಂಡ. ಮೆಚ್ಚಿಕೊಂಡೇ ಆ ಸಾಲನ್ನು ಹೊಡೆದು, ಉಳಿದದ್ದಕ್ಕೆ ಸಹಿ ಹಾಕಿದ.

"ಸಾಲು ಚೆನ್ನಾಗಿದೆ ಕಣೆ. ತುಂಬಾ ಚೆನ್ನಾಗಿದೆ, ಅದೇ ಕಷ್ಟ. ಇದನ್ನ ಓದಿದವ್ರು ಪಟ್ಟಿ ಯಾಕೆ ಕೊಳ್ತಾರೆ ಹೇಳು? ಕಣ್ಣಿದ್ರೆ ಸಾಕಲ್ಲ."

"ಆದ್ರೆ ಅದು ನಿಜ ಅಲ್ವಾ ಕಿಮ್ಮೊ?"

"ನಿಜವೇ. ರಜೆ ಮುಗಿಸ್ಕೊಂಡು ಬಂದು ಮಾತಾಡೋಣ. ಮರೆಯಲ್ಲ."

ಪ್ರಯೋಗಾಲಯದ ರಿತ್ವಾ ಕಾಫಿ ಹೊತ್ತಿನಲ್ಲಿ ಈ ವಿಷಯ ಕೇಳಿ, ಏಲಕ್ಕಿ ಬನ್ನನ್ನು ಮುರಿದು ಕಾಫಿಗೆ ಅದ್ದುತ್ತ, ನಾನು ಇದನ್ನ ಹೇಳೋಕೆ ಶುರು ಮಾಡಿದಾಗ ನನ್ನ ಕೂದಲು ಇನ್ನೂ ನರೆತಿರಲಿಲ್ಲ ಅಂದಳು.

ಜೂನ್ ಕೊನೆಯ ನಡುಬೇಸಿಗೆ ಹಬ್ಬಕ್ಕೆ ಊರು ಖಾಲಿಯಾಯಿತು. ಜುಲೈ ಬಂದರೆ ಕಚೇರಿಗಳಲ್ಲಿ ಉಳಿಯುವವರು ಬೇಸಿಗೆಗೆ ಬಂದ ಹುಡುಗ ಹುಡುಗಿಯರು ಮಾತ್ರ. ಕಾಯಂ ಕೆಲಸಗಾರರೆಲ್ಲ ಕೆರೆದಡದ ಮರದ ಮನೆಗಳಲ್ಲಿರುತ್ತಾರೆ. ರಿತ್ವಾ ಹೋದಳು. ಕಿಮ್ಮೊ ಹೋಗುವಾಗ ಫೋನು ಆರಿಸಿ ಮೇಜಿನ ಖಾನೆಗೆ ಹಾಕಿ, ಹಳದಿ ಚೀಟಿಯೊಂದರಲ್ಲಿ ತನ್ನ ಬೇಸಿಗೆ ಮನೆಯ ನೆರೆಯವರ ನಂಬರು ಬರೆದು ಸೈಮಿಯ ಗಣಕದ ಅಂಚಿಗೆ ಅಂಟಿಸಿದ. "ಕಟ್ಟಡಕ್ಕೆ ಬೆಂಕಿ ಬಿದ್ರೆ ಮಾತ್ರ," ಅಂದ. ಅದು ತಮಾಷೆಯೂ ಹೌದು, ಅಲ್ಲವೂ ಹೌದು.

ಆ ವರ್ಷ ಬಿಸಿಲು ಬೇಗ ಏರಿತು. ಔಷಧಿ ಅಂಗಡಿಗಳಲ್ಲಿ ಪಟ್ಟಿಗಳು ಮುಗಿದವು, ಹೊಸ ಪೆಟ್ಟಿಗೆಗಳಿಗೆ ಹಾಕಲು ಕರಪತ್ರ ಉಳಿದಿರಲಿಲ್ಲ. ಆಗಸ್ಟ್‌ನಲ್ಲಿ ಅಚ್ಚಾಗಬೇಕಿದ್ದದ್ದು ಜುಲೈನ ಮೊದಲ ಶುಕ್ರವಾರವೇ ಅಚ್ಚಾಗಬೇಕಾಯಿತು. ಸೈಮಿ ಮುದ್ರಣಾಲಯಕ್ಕೆ ಎರಡು ಪ್ರತಿ ಕಳಿಸಿದಳು. ಹನ್ನೆರಡಕ್ಕೆ ಅಲ್ಲಿಂದ ಹೆಂಗಸೊಬ್ಬಳ ಫೋನು ಬಂತು.

"ಒಂದ್ರಲ್ಲಿ ಕಿಮ್ಮೊ ಸಹಿ ಇದೆ. ಇನ್ನೊಂದ್ರಲ್ಲಿ ಒಂದು ಸಾಲು ಜಾಸ್ತಿ ಇದೆ, ಸಹಿ ಇಲ್ಲ. ಯಾವುದು ಹಾಕ್ಲಿ? ಎರಡು ಗಂಟೆಗೆ ಯಂತ್ರ ಶುರು ಮಾಡ್ತೀವಿ, ಅದು ಮುಗಿದ್ಮೇಲೆ ನಾವೂ ಒಂದು ತಿಂಗಳು ಇರಲ್ಲ."

ಸೈಮಿ ಕೇಳಿ ಹೇಳುತ್ತೇನೆ ಅಂದಳು. ಹಳದಿ ಚೀಟಿ ಎದುರಿಗೇ ಇತ್ತು. ನಾಲ್ಕು ಅಂಕೆ ಒತ್ತಿದಳು, ಇಟ್ಟಳು. ಮತ್ತೆ ಒತ್ತಿದಳು, ಮತ್ತೆ ಇಟ್ಟಳು. ರಜೆಯಲ್ಲಿರುವವನಿಗೆ ಫೋನು ಮಾಡುವುದೆಂದರೆ ಅವನ ಸೌನಾದ ಬಾಗಿಲು ತೆಗೆದು ನಿಂತ ಹಾಗೆ. ನೆರೆಯವರು ತಮ್ಮ ಅಂಗಳ ಬಿಟ್ಟು ಹೋಗಬೇಕು, ಅವನು ದೋಣಿಯಿಂದ ಇಳಿದು ಬರಬೇಕು, ಬಂದು ಕೇಳಬೇಕು: ಏನಾಯ್ತು, ಬೆಂಕಿ ಬಿತ್ತಾ? ಒಂದು ಸಾಲಿಗೋಸ್ಕರ. ಆಗಸ್ಟ್‌ನಲ್ಲಿ ಅವನು ಬರೆಯಬೇಕಾದ ಕೆಲಸದ ಪ್ರಮಾಣಪತ್ರವೂ ನೆನಪಿಗೆ ಬಂತು. ಅದಿಲ್ಲದೆ ಈ ಇಂಟರ್ನ್‌ಶಿಪ್ ಓದಿನ ಲೆಕ್ಕಕ್ಕೆ ಸೇರುವುದಿಲ್ಲ. ಕಿಟಕಿಯ ಹೊರಗೆ ವಾಹನಗಳಿಲ್ಲದ ನಿಲ್ದಾಣ, ಅದರಾಚೆ ಬಿಸಿಲಿಗೆ ಬಾಡಿದ ಹುಲ್ಲು. ಎರಡಕ್ಕೆ ಹತ್ತು ನಿಮಿಷ ಇರುವಾಗ ಮುದ್ರಣಾಲಯಕ್ಕೆ ಫೋನು ಮಾಡಿ, ಸಹಿ ಇರೋದನ್ನೇ ಹಾಕಿ ಅಂದಳು.

ಬೆಂಕಿ ಬಿದ್ದಿಲ್ಲ ಎಂದು ಆ ದಿನ ಅವಳು ತಿಳಿದಳು. ಅಲ್ಲಿಯ ಯಾರೇ ಆಗಿದ್ದರೂ ಹಾಗೇ ತಿಳಿಯುತ್ತಿದ್ದರು.

ಜುಲೈ ಇಪ್ಪತ್ತಮೂರರಂದು ತಾಯ್ಸ್ತೊ ಎಂಬ ಮುದುಕನ ಫೋನು ಬಂತು. ಮೂವತ್ತು ವರ್ಷ ಮರ ಸಾಗಿಸುವ ಲಾರಿ ಓಡಿಸಿದವನಂತೆ, ಈಗ ಸಣ್ಣ ಕೆರೆಯೊಂದರ ದಡದಲ್ಲಿ ಬೇಸಿಗೆ ಕಳೆಯುವವನು. ಗದರುವ ದನಿಯಲ್ಲ. ನಡುನಡುವೆ ಉಸಿರು ಎಳೆದುಕೊಂಡು, ಕ್ರಮವಾಗಿ ಹೇಳಿದ. ನೀರು ಸ್ವಲ್ಪ ಹಸಿರಾಗಿತ್ತು. ಪಟ್ಟಿ ಅದ್ದಿದ. ಗೋಡೆ ಗಡಿಯಾರ ನೋಡಿ ಹತ್ತು ನಿಮಿಷ ಕಾದ. ಗೆರೆ ಬರಲಿಲ್ಲ. ನಾಯಿಯನ್ನು ಬಿಟ್ಟ. ರೆಪೊ ಅಂತ ಹೆಸರು, ಕೆಂಪು ಬಣ್ಣದ್ದು, ಒಂಬತ್ತು ವರ್ಷ. ದಡದ ನೊರೆ ನೆಕ್ಕಿತು. ಅಂಗಳಕ್ಕೆ ಬರುವಷ್ಟರಲ್ಲಿ ಹಿಂಗಾಲು ಸೋತಿದ್ದವು. ಅರ್ಧ ಗಂಟೆಯೂ ಆಗಲಿಲ್ಲ, ಪ್ರಾಣ ಹೋಯಿತು.

"ನಾನು ಫೋನ್ ಮಾಡಿದ್ದು ಜಗಳಕ್ಕಲ್ಲಮ್ಮ. ನಾನೆಲ್ಲಿ ತಪ್ಪು ಮಾಡ್ದೆ ಅಂತ ಹೇಳು. ಲೋಟ ತೊಳೆದಿದ್ದೆ. ಕಾಗದದಲ್ಲಿ ಇದ್ದ ಹಾಗೇ ಮಾಡಿದೀನಿ."

ಸೈಮಿಯ ಎದುರಿಗೆ ಕಿಮ್ಮೊ ಬರೆದಿಟ್ಟ ಉತ್ತರಗಳ ಹಾಳೆ ಇತ್ತು. ಪಟ್ಟಿಯನ್ನು ಒಣ ಜಾಗದಲ್ಲಿ ಇಟ್ಟಿದ್ದಿರಾ ಎಂದು ಅದರಲ್ಲಿ ಮೊದಲು ಕೇಳಬೇಕಿತ್ತು. ಅವಳು ಕೇಳಲಿಲ್ಲ.

"ನೀವು ಏನೂ ತಪ್ಪು ಮಾಡಿಲ್ಲ," ಅಂದಳು. "ಆ ಪಟ್ಟೀಲಿ ಆ ವಿಷ ಕಾಣಲ್ಲ."

ಆಚೆ ಕಡೆ ಮುದುಕ ಕುರ್ಚಿ ಎಳೆದು ಕೂತ ಸದ್ದು ಕೇಳಿತು.

"ಇದು ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹ್ಞೂಂ." ಮತ್ತೆ ಉಸಿರು ಎಳೆದುಕೊಂಡ. "ಶನಿವಾರ ಮೊಮ್ಮಕ್ಕಳು ಬರ್ತಾರೆ. ಪಟ್ಟಿ ಇನ್ನೂ ಒಂಬತ್ತು ಉಳಿದಿದೆ."

"ಅದನ್ನ ನೋಡ್ಬೇಡಿ. ನೀರು ಹಸಿರಾಗಿದ್ರೆ ಇಳಿಸ್ಬೇಡಿ."

"ಇದನ್ನ ಆ ಕಾಗದದಲ್ಲಿ ಬರೀಬಹುದಿತ್ತಲ್ಲಮ್ಮ," ಅಂದು ಫೋನು ಇಟ್ಟ.

ಅವತ್ತು ಅವಳು ಹಳದಿ ಚೀಟಿಯ ನಂಬರನ್ನು ಪೂರ್ತಿ ಒತ್ತಿದಳು. ಅತ್ತ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಹೊರಗೆ ಅಂಥ ಬಿಸಿಲಿರುವಾಗ ಮನೆಯೊಳಗೆ ಯಾರು ಇರುತ್ತಾರೆ.

ಆಗಸ್ಟ್‌ನಲ್ಲಿ ಎಲ್ಲರೂ ಮೈ ಕಂದಿಸಿಕೊಂಡು ಬಂದರು. ಕಾಫಿ ಮೇಜಿನ ಮೇಲೆ ರಿತ್ವಾ ತಂದ ಬ್ಲೂಬೆರಿ ಕಡುಬು ಇತ್ತು. ಸೈಮಿ ನಾಯಿಯ ಸಂಗತಿ ಹೇಳಿದಳು. ಸಹಿ ಇಲ್ಲದ ಪ್ರತಿಯನ್ನೂ ಕಳಿಸಿದ್ದು, ನಾಲ್ಕು ಅಂಕೆ ಒತ್ತಿ ಇಟ್ಟದ್ದು, ಎಲ್ಲವನ್ನೂ ಹೇಳಿದಳು. ಬೈದರೆ ಬೈಯಲಿ ಎಂದು ಕಾದಳು. ಕಿಮ್ಮೊ ಬೈಯಲಿಲ್ಲ. ಚಮಚ ಕೆಳಗಿಟ್ಟ. ಅವನ ಮನೆಯಲ್ಲೂ ನಾಯಿಯಿತ್ತು.

"ಮಾಡ್ಬೇಕಿತ್ತು ಕಣೆ ಫೋನು," ಅಂದ ಮೆತ್ತಗೆ. ತಟ್ಟೆ ಪಕ್ಕಕ್ಕೆ ಸರಿಸಿ, "ಮಾಡಿದ್ರೂ ನಾನು ಬೇಡ ಅಂತಿದ್ನೋ ಏನೋ," ಅಂದ.

ಅಚ್ಚಾದ ಕರಪತ್ರ ಇನ್ನೂ ನಾಲ್ಕು ಸಾವಿರ ಉಳಿದಿತ್ತು. ಅವು ಮುಗಿದ ಮೇಲೆ ನೋಡೋಣ ಎಂದಾಯಿತು. ಆ ಮುದುಕನಿಗೆ ಸಂತಾಪದ ಪತ್ರದ ಜೊತೆಗೆ ಪಟ್ಟಿಯ ಹೊಸ ಡಬ್ಬಿಯೊಂದನ್ನು ಬಿಟ್ಟಿ ಕಳಿಸಲು ಕಿಮ್ಮೊ ಹೇಳಿದ. ರಿತ್ವಾ ಅವನ ಮುಖ ನೋಡಿದಳು. ಅವನಿಗೆ ಯಾಕೆಂದು ಗೊತ್ತಾಗಲಿಲ್ಲ. ಕೊನೆಯ ದಿನ ಸೈಮಿಗೆ ಪ್ರಮಾಣಪತ್ರ ಸಿಕ್ಕಿತು. ವಿಜ್ಞಾನದ ಕಷ್ಟದ ವಿಷಯವನ್ನು ಸಾಮಾನ್ಯ ಜನರಿಗೆ ಅರ್ಥವಾಗುವಂತೆ ಒಂದೇ ಸಾಲಿನಲ್ಲಿ ಹೇಳಬಲ್ಲಳು ಎಂದು ಅದರಲ್ಲಿತ್ತು. ಮುಂದಿನ ಬೇಸಿಗೆಗೂ ಬಾ ಎಂದು ಕಿಮ್ಮೊ ಕೈ ಕುಲುಕಿದ. ಅವಳು ನೋಡೋಣ ಅಂದಳು. ಬೇರೆ ಕಡೆಯಿಂದ ಯಾರೂ ಕರೆಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಶನಿವಾರ ಬಸ್ಸಿಳಿದು ಅಜ್ಜಿಯ ಮನೆಗೆ ಹೋದಾಗ ಅಡುಗೆಮನೆಯ ಮೇಜಿನ ಮೇಲೆ ಆ ಕರಪತ್ರ ಬಿದ್ದಿತ್ತು. ಅಜ್ಜಿ ಔಷಧಿ ಅಂಗಡಿಯಿಂದ ಕೇಳಿ ತಂದಿದ್ದಳಂತೆ. ನನ್ನದೂ ಒಂದು ಸಾಲು ಅಚ್ಚಾಗಿದೆ ಎಂದು ಹಾಲಿನ ಅಂಗಡಿಯಲ್ಲಿ ಹೇಳಿಕೊಂಡೂ ಬಂದಿದ್ದಳು. ಈಚೆಗೆ ಕೆರ್ತುವಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ.

"ಓದೇ. ನಮ್ಮ ಸಾಲು ಎಲ್ಲಿದೆ?"

ಸೈಮಿ ಕರಪತ್ರವನ್ನು ಕೈಗೆತ್ತಿಕೊಂಡಳು. "ಗೆರೆ ಬರದಿದ್ದರೂ ನೀರು ಹಸಿರಾಗಿದ್ದರೆ ಇಳಿಯಬೇಡಿ," ಅಂದಳು.

ಅಜ್ಜಿ ಕಿವಿಗೊಟ್ಟು ಕೇಳಿದಳು. ಮೊಮ್ಮಗಳ ಕಣ್ಣು ಕಾಗದದ ಮೇಲೆ ಇಲ್ಲದ್ದನ್ನು ಕಂಡಳು. ಆಮೇಲೆ ಮೇಜಿನ ಮೇಲಿದ್ದ ರೊಟ್ಟಿಯ ಚೂರುಗಳನ್ನು ಅಂಗೈಗೆ ಸವರಿಕೊಂಡು ಎದ್ದಳು.

"ಸೌನಾಕ್ಕೆ ಇವತ್ತು ಕೆರೆ ನೀರು ಬೇಡ, ಹಸಿರಾಗಿದೆ," ಅಂದಳು. "ಬಾವಿಯಿಂದ ತಗೊಂಡು ಬಾ."

ಬಾವಿ ದಿಣ್ಣೆಯ ಮೇಲಿತ್ತು, ಕೆರೆಗಿಂತ ಮೂರು ಪಟ್ಟು ದೂರ. ಸೈಮಿ ಕರಪತ್ರವನ್ನು ಒಲೆಯ ಪಕ್ಕದ ಸೌದೆ ಬುಟ್ಟಿಗೆ ಹಾಕಿ, ಎರಡು ಬಕೀಟು ಎತ್ತಿಕೊಂಡು ಹೊರಟಳು. ಹಂಡೆ ತುಂಬಲು ಹತ್ತು ಬಕೀಟು ಬೇಕು. ಎರಡು ತಂದು ಸುರಿದು, ಮತ್ತೆರಡಕ್ಕೆ ದಿಣ್ಣೆ ಹತ್ತಿದಳು.