ಅಪ್ಪ ಮಾಡಿದ ಗೊಂಬೆಗೆ ಮಗಳ ಬಣ್ಣ

ಅಕ್ಕೂರು ಕಡೆಯ ಮಾರಮ್ಮನ ಗುಡಿ. ಹಿಪ್ಪುನೇರಳೆ ತೋಟದ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಗೋಪುರದ ಸುತ್ತ ಕಟ್ಟಿದ ಸಾರವೆಯ ಬೊಂಬು ಹಿಡಿದು ಬೀರಮ್ಮ ನಿಧಾನವಾಗಿ ಮೇಲೇರುತ್ತಿದ್ದಾರೆ. ಅರ್ಧಕ್ಕೆ ನಿಲ್ಲುತ್ತಾರೆ, ಮಂಡಿ ಒತ್ತಿಕೊಳ್ಳುತ್ತಾರೆ, ಮತ್ತೆ ಏರುತ್ತಾರೆ. ಸೀರೆಯ ಮೇಲೊಂದು ಗಂಡಸರ ತುಂಬುತೋಳಿನ ಅಂಗಿ. ಅದರ ಮೇಲೆ ಎಷ್ಟು ಊರಿನ ದೇವರ ಬಣ್ಣ ಸಿಡಿದಿದೆಯೋ ಅವರಿಗೇ ನೆನಪಿಲ್ಲ.

ಮೇಲೆ ಹೋದ ಕೂಡಲೇ ಬಣ್ಣ ಮುಟ್ಟುವುದಿಲ್ಲ. ದ್ವಾರಪಾಲಕನ ಕಿವಿಯ ಹಿಂದೆ ಬಿರುಕು ಬಿಟ್ಟಿದೆ. ಅದನ್ನು ತಂತಿಬ್ರಷ್ಷಿನಲ್ಲಿ ಉಜ್ಜಿ, ನೀರು ಚಿಮುಕಿಸಿ, ಸಿಮೆಂಟು ತುಂಬುತ್ತಾರೆ. "ಬಿಸ್ಲು ಏರಿದ್ರೆ ಸಿಮೆಂಟು ಬೇಗ ಒಣಗ್ಬುಡ್ತದೆ, ಮತ್ತೆ ಬಿರಿತದೆ. ಅದ್ಕೇ ಈ ಹೊತ್ಗೇ ಬರಾದು," ಎನ್ನುತ್ತಾರೆ. ಕೆಳಗೆ ಡಬ್ಬಿಯಲ್ಲಿ ಬಣ್ಣ ಕಲಸುತ್ತಿರುವವರು ಚನ್ನಪಟ್ಟಣದ ಶೋಯೆಬ್, ಬಹಳ ವರ್ಷದಿಂದ ಕೆಲಸದಲ್ಲಿ ಅವರ ಜೊತೆಗಾರ.

ನಲವತ್ತಾರು ವರ್ಷದ ಬೀರಮ್ಮ ಗುಡಿಗೋಪುರಗಳಿಗೆ ಬಣ್ಣ ಹೊಡೆಯುವ ಕೆಲಸದವರು. ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತಿನ ಊರುಗಳಲ್ಲಿ ಅವರು ಹತ್ತುವ ಗೋಪುರಗಳ ಗೊಂಬೆಗಳನ್ನು ಮಾಡಿದವರು ಅವರ ಅಪ್ಪ ಪುಟ್ಟಲಿಂಗಯ್ಯ.

ಪುಟ್ಟಲಿಂಗಯ್ಯ ಕಬ್ಬಾಳಿನ ಹತ್ತಿರ ಕುರಿ ಕಾಯುತ್ತಿದ್ದವರು. ಗುಡಿ ಕಟ್ಟಲು ಬಂದ ತಮಿಳು ಮೇಸ್ತ್ರಿಯೊಬ್ಬರ ಹಿಂದೆ ಬಿದ್ದು, ಕುರಿ ಅಣ್ಣನಿಗೆ ಒಪ್ಪಿಸಿ, ಕಂಬಿ ಬಗ್ಗಿಸಿ ಸಿಮೆಂಟಿನಲ್ಲಿ ಮೈ ತುಂಬುವುದನ್ನು ಕಲಿತರು. ಅವರ ಸಿಂಹಗಳಿಗೆ ಕುರಿನಾಯಿಯ ಮುಖ ಇದೆ ಎಂದು ಜನ ನಗುತ್ತಿದ್ದರಂತೆ. "ಸಿಂಹ ಎಲ್ಲಿ ನೋಡಿದ್ದ ನಮ್ಮಪ್ಪ? ನಾಯಿನೇ ತಾನೆ ಕಂಡಿದ್ದು," ಎಂದು ಬೀರಮ್ಮ ಕೂಡ ನಗುತ್ತಾರೆ. ನಕ್ಕರೆ ಕೆಮ್ಮು ಬರುತ್ತದೆ, ಬಣ್ಣಕ್ಕೆ ಬೆರೆಸುವ ತಿನ್ನರಿನ ಘಾಟು ಕುಡಿದ ಎದೆ.

ತಾಯಿ ಕಾಮಾಲೆಯಲ್ಲಿ ತೀರಿಕೊಂಡಾಗ ಬೀರಮ್ಮನಿಗೆ ಮೂರು ವರ್ಷ. ಇನ್ನೊಂದು ಮದುವೆ ಮಾಡಿಕೋ ಎಂದು ನೆಂಟರು ಹಟ ಹಿಡಿದರು. ಪುಟ್ಟಲಿಂಗಯ್ಯ ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕೆಲಸಕ್ಕೆ ಹೊರಟೇಬಿಟ್ಟರು. ಯಾವ ಊರಲ್ಲಿ ಗೋಪುರವೋ ಆ ಊರಿನ ಗುಡಿಯಂಗಳದಲ್ಲೇ ಒಲೆ ಹೂಡಿ ಹಿಟ್ಟು ಬೇಯಿಸುವುದು, ಸಾರವೆಯ ಕೆಳಗೆ ಕಂಬಳಿ ಹಾಸಿ ಮಗುವನ್ನು ಮಲಗಿಸುವುದು. ಜಡೆ ಹಾಕುವುದನ್ನು ಗುಡಿ ಮುಂದೆ ಹೂವು ಮಾರುವ ಹೆಂಗಸಿನಿಂದ ಕೇಳಿ ಕಲಿತರು. "ಸಿಮೆಂಟು ತಿಂದು ಬೆರಳೆಲ್ಲ ಒಡೆದೋಗಿದ್ವು. ಕೂದ್ಲಿಗೆ ಸಿಕ್ಕಾಕ್ಕೊಳ್ತವೆ ಅಂತ ಮೊದ್ಲು ತನ್ನ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಕೊಳಾದು, ಆಮೇಲೆ ನನ್ ತಲೆ ಮುಟ್ಟಾದು."

ಮಗಳು ದೊಡ್ಡವಳಾದ ದಿನ ಇಬ್ಬರೂ ಊರಿನ ಮನೆಯಲ್ಲಿದ್ದರು; ಅಪ್ಪನಿಗೆ ದಿಕ್ಕು ತೋಚಲಿಲ್ಲ. ಪಕ್ಕದ ಮನೆಯ ರೋಶನ್ ಬೀಯವರನ್ನು ಕರೆತಂದು ಒಳಗೆ ಬಿಟ್ಟು, ತಾವು ಬೀದಿಬಾಗಿಲಲ್ಲಿ ಬೆನ್ನು ತಿರುಗಿಸಿ ಕುಳಿತರು. ಹಳೆ ಬಟ್ಟೆ ಬೇಕು ಎಂದು ರೋಶನ್ ಬೀ ಕೇಳಿದಾಗ, ಹಬ್ಬಕ್ಕೆ ತಂದು ಇನ್ನೂ ಉಡದ ಪಂಚೆಯನ್ನು ಪರ್ರನೆ ಹರಿದುಕೊಟ್ಟರು. "ಹಳೇದು ಒರಟು, ಮಗೀಗೆ ಚುಚ್ತದೆ ಅಂದ. ಹೊಸ ಪಂಚೆ ಇಲ್ದೇನೇ ಹಬ್ಬ ಮಾಡ್ದ," ಎಂದು ಹೇಳುವಾಗ ಬೀರಮ್ಮ ಕೈಯ ಕರಣೆಯನ್ನು ಕೆಳಗಿಡುತ್ತಾರೆ.

ಆ ವರ್ಷವೇ ತಮಿಳು ಮೇಸ್ತ್ರಿ ಮತ್ತೆ ಬಂದರು. ಸಿಂಗಾಪುರದಲ್ಲಿ ದೊಡ್ಡ ಗೋಪುರ, ಎರಡು ವರ್ಷದ ಕೆಲಸ, ನಿನ್ನಂಥ ಕೈ ಬೇಕು ಎಂದು ಕರೆದರು. ಪುಟ್ಟಲಿಂಗಯ್ಯ ಹೋಗಲಿಲ್ಲ. ನನ್ನಿಂದ ನೀನು ಕೆಟ್ಟೆ ಎಂದು ಮಗಳು ಅತ್ತಾಗ ಅವರು ಹೇಳಿದ ಮಾತು ಬೀರಮ್ಮನ ಬಾಯಲ್ಲಿ ಹಾಗೇ ಇದೆ: "ಅಲ್ಲಿ ಗೊಂಬೆ ಮಾಡಾಕೆ ಬೇಕಾದಷ್ಟು ಜನ ಅವ್ರೆ ಕಣವ್ವ. ಇಲ್ಲಿ ನಿಂಗೆ ಉಣ್ಣಾಕಿಕ್ಕಾಕೆ ನಾನೊಬ್ನೇ."

ಮದುವೆಯಾದ ಮೇಲೂ ಬೀರಮ್ಮ ಅಪ್ಪನ ಜೊತೆ ಬಣ್ಣಕ್ಕೆ ಹೋಗುವುದನ್ನು ಬಿಡಲಿಲ್ಲ. ಕೊನೆಕೊನೆಗೆ ಧೂಳು ಅಪ್ಪನ ಶ್ವಾಸಕೋಶ ತಿಂದಿತ್ತು. ಮೇಲೆ ಹತ್ತಲಾರದೆ ಕೆಳಗೆ ಚಾಪೆಯಲ್ಲಿ ಕುಳಿತು, ಇದಕ್ಕೆ ನೀಲಿ, ಅದಕ್ಕೆ ಪಾಚಿ ಹಸಿರು ಎಂದು ಕೂಗಿ ಹೇಳುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು.

ಹೋದ ವರ್ಷ ಬಣ್ಣದ ಕೆಲಸ ಕೇಳಲು ಮಾಗಡಿ ಕಡೆಯ ಒಂದೂರಿಗೆ ಹೋದಾಗ, ಅಪ್ಪನ ಗೋಪುರವನ್ನು ಕೆಡವುತ್ತಿದ್ದರು. "ಬಿರುಕು ಬುಟ್ಟೈತೆ ಕಣಮ್ಮ, ಯಾರ ತಲೆ ಮೇಲಾದ್ರೂ ಬಿದ್ರೆ?" ಎಂದರು ಊರಿನವರು. ಬೀರಮ್ಮ ಮುರಿದ ತುಂಡು ಎತ್ತಿ ನೋಡಿದರು. ಒಳಗಿನ ಕಂಬಿ ತುಕ್ಕು ಹಿಡಿದು ಪುಡಿಪುಡಿಯಾಗಿತ್ತು. ಜಗಳ ಆಡುವಂತಿರಲಿಲ್ಲ. ಬಸ್ಸು ಹತ್ತಿ ಮನೆಗೆ ಬಂದು ಸಾರಿಗಿಟ್ಟರು. ಆಮೇಲೆ ಮೂರು ದಿನ ಬೀರಮ್ಮ ಸಾರವೆ ಹತ್ತಲಿಲ್ಲ ಎನ್ನುತ್ತಾರೆ ಶೋಯೆಬ್.

ಅಕ್ಕೂರು ಕಡೆಯ ಈ ಗೋಪುರವನ್ನೂ ಕೆಡವುವ ಮಾತಿತ್ತು. ಕಂಬಿ ಇನ್ನೂ ಗಟ್ಟಿಯಿದೆ, ಮೊದಲು ಬಿರುಕು ಮುಚ್ಚಿ ತೋರಿಸುತ್ತೇನೆ, ಆಮೇಲೆ ತೀರ್ಮಾನ ಮಾಡಿ ಎಂದು ಬೀರಮ್ಮ ಕೇಳಿಕೊಂಡಿದ್ದರು. ಇವತ್ತು ಗುಡಿ ಸಮಿತಿಯ ನಾಗರಾಜು ನೋಡಲು ಬಂದಿದ್ದಾರೆ. ಸಾರವೆ ಹತ್ತಿ, ದ್ವಾರಪಾಲಕನ ತೋಳು ಹಿಡಿದು ಜಗ್ಗುತ್ತಾರೆ, ಕೋಲಿನಿಂದ ತಟ್ಟುತ್ತಾರೆ. ಬೀರಮ್ಮ ಕೆಳಗೆ ನಿಂತು ಸೆರಗಿನ ತುದಿ ಸುತ್ತುತ್ತಾ ನೋಡುತ್ತಾರೆ.

"ಗಟ್ಟಿಯಾಗೇ ಐತೆ ಬುಡಕ್ಕ. ಇರ್ಲಿ, ಬಣ್ಣ ಹೊಡ್ದುಬುಡಿ," ಎಂದು ನಾಗರಾಜು ಇಳಿಯುತ್ತಾರೆ. ಸುಮ್ಮನೆ ಹೋಗಲಾರದೆ ತಿರುಗಿ, "ಇದು ನಿಮ್ಮಪ್ಪಂದು ಅಂತ ಒಂದು ಕಲ್ಲು ಹಾಕಿಸ್ಲಾ?" ಎಂದು ಕೇಳುತ್ತಾರೆ.

ಬೀರಮ್ಮ ಗುಡಿಯ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಾರೆ.

"ಕಲ್ಲು ಬ್ಯಾಡ ಕಣಣ್ಣ. ಮುಂದ್ಲ ಸಲ ಬಣ್ಣಕ್ಕೂ ನನ್ನೇ ಕರೀರಿ. ಮಂಡಿ ಏಳ್ದಿದ್ರೆ ಕೆಳಗೇ ಕುಂತ್ಕೊಂಡು ಹೇಳ್ತೀನಿ, ಯಾವ ಗೊಂಬೆಗೆ ಯಾವ ಬಣ್ಣ ಅಂತ. ಅದ್ನ ನಮ್ಮಪ್ಪ ನಂಗೊಬ್ಳಿಗೇ ಹೇಳ್ಕೊಟ್ಟಿರಾದು."